ಮಾಮನ ಮನೆಯ ಮೇಲೆ ಮೂರು ಬೀಜ

ಅಕ್ಕ ಕೊಪ್ಪಳದಲ್ಲಿ ಎಂ.ಎ. ಓದುತ್ತಾಳೆ. ವಿಷಯ ಸಾಮಾಜಿಕ ನೀತಿ. ಅಂದರೆ ಸರ್ಕಾರ ಯಾರಿಗೆ ಏನು ಕೊಡಬೇಕು, ಕೊಟ್ಟದ್ದು ಅವರಿಗೆ ಮುಟ್ಟಿತೋ ಇಲ್ಲವೋ, ಮುಟ್ಟದಿದ್ದರೆ ನಡುವೆ ಎಲ್ಲಿ ಆವಿಯಾಯಿತು ಎಂಬ ಪತ್ತೇದಾರಿಕೆ. ಕುಷ್ಟಗಿಯ ನಮ್ಮ ಓಣಿಯಲ್ಲಿ ಯಾರಿಗೂ ಇದು ತಲೆಗೆ ಹೋಗದ್ದರಿಂದ ಅವ್ವ ಎಲ್ಲರಿಗೂ “ತಹಶೀಲ್ದಾರ್ ಆಗೋ ಓದು” ಎಂದು ಹೇಳಿಬಿಟ್ಟಿದ್ದಾಳೆ. ನಾನು ಆ ತಹಶೀಲ್ದಾರಳ ತಮ್ಮ. ಪಿಯುಸಿ ಎರಡನೇ ವರ್ಷ. ಮಾತಿನಲ್ಲಿ ಮಾತ್ರ ಪಿಎಚ್.ಡಿ. ಯಾವತ್ತೋ ಮುಗಿದಿದೆ.

ದಸರಾ ರಜೆಯಲ್ಲಿ ಅಕ್ಕನ ತರಗತಿಯವರೆಲ್ಲ ಒಂದು ಹಳ್ಳಿಗೆ ಹೊರಟರು. ಸಂಬಂಧಿಕರು ಇದ್ದರೆ ಜನ ಬಿಚ್ಚಿ ಮಾತಾಡುತ್ತಾರೆ ಎಂದು ಅವರ ಮೇಡಂ ನಮ್ಮ ಸೋದರಮಾವನ ಊರನ್ನೇ ಆರಿಸಿದ್ದರು. ಗಂಗಾವತಿ ದಾಟಿ ಮರಳಿಯ ಕಡೆ ಹೋದರೆ ಸಿಗುವ ಊರು ಅದು. ರಂಗೋಲಿ ಚೀಲ ಹೊರಲು ಒಬ್ಬ ಬೇಕಿತ್ತು. ಅಕ್ಕ ನನ್ನನ್ನು ಕರೆದಳು. ಚೀಲ ಎರಡು ಕೆ.ಜಿ. ಇರಬಹುದು, ನಾನು ಏದುಸಿರು ಬಿಟ್ಟದ್ದು ನೋಡಿದವರು ಸಿಮೆಂಟು ಮೂಟೆ ಅಂದುಕೊಂಡಿರಬೇಕು.

ಬಾಡಿಗೆ ಕ್ರೂಸರಿನಲ್ಲಿ ಅಕ್ಕ ಮೇಡಂ ಜೊತೆ ಮುಂದೆ ಕೂತಳು. ಹಿಂದೆ ಅವಳ ಗೆಳತಿಯರ ನಡುವೆ ನಾನು. ಬಡಾಯಿ ಕೊಚ್ಚಲು ಇಷ್ಟು ಒಳ್ಳೆಯ ಅಖಾಡ ಮತ್ತೆ ಸಿಗುತ್ತದೆಯೇ?

“ನಮ್ಮ ಮಾಮಾಂದು ಭಾಳ ಗದ್ದಿ ಐತ್ರಿ ಅಕ್ಕಾರ. ಒಂದ್ ಬದುವಿನ ಮ್ಯಾಲ ನಿಂತ್ರ ಇನ್ನೊಂದ್ ಬದು ಕಣ್ಣಿಗೆ ಕಾಣಂಗಿಲ್ಲ.”

“ಯಾಕ, ಅಲ್ಲಿ ಯಾವಾಗ್ಲೂ ಮಂಜ ಬಿದ್ದಿರತೈತೇನು?” ಎಂದಳು ಯಲಬುರ್ಗಾದ ಒಬ್ಬಾಕೆ.

“ನಗಬ್ಯಾಡ್ರಿ. ಮನಿ ಅಂತೂ ಕ್ವಾಟಿ ಐತಿ, ಕ್ವಾಟಿ. ಒಳಗ ಹೋದವರು ಹೊರಗ ಬರೂದಕ್ಕ ದಾರಿ ಕೇಳತಾರ.”

“ನೀನೂ ಒಂದಿನ ಒಳಗ ಹೋಗಿ ಅಲ್ಲೇ ಇರಬಾರದೇನೋ?”

ಕ್ರೂಸರ್ ನಗೆಯಿಂದ ಅಲುಗಾಡಿತು. ಮಾಮಾ ಗದ್ದೆ ಮಾರಿದ್ದಾನೆ, ಗಂಗಾವತಿಯ ರೈಸ್‌ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದಾನೆ ಎನ್ನುವುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವ್ವ ಫೋನಿನಲ್ಲಿ ಪಿಸುಗುಟ್ಟುತ್ತಾ ಅಳುವುದು ಕೇಳಿಸಿತ್ತು. ಆದರೆ ಇದ್ದದ್ದನ್ನು ಇದ್ದ ಹಾಗೇ ಹೇಳುವುದಾದರೆ ಬಾಯಿ ಯಾಕೆ ಬೇಕು ಎನ್ನುವ ಪಂಗಡದವನು ನಾನು.

ಊರ ಕಟ್ಟೆಯ ಮುಂದೆ ಕೆಲಸ ಶುರುವಾಯಿತು. ಗುಡಿಸಿದ ನೆಲದ ಮೇಲೆ ಊರವರೇ ರಂಗೋಲಿಯಲ್ಲಿ ತಮ್ಮ ಊರಿನ ನಕ್ಷೆ ಬಿಡಿಸಬೇಕು. ಆಮೇಲೆ ಒಂದೊಂದು ಮನೆಯ ಮೇಲೂ ಹುಣಸೆಬೀಜ ಇಡಬೇಕು. ಬಡವರ ಮನೆಗೆ ಒಂದು, ನಡುವಿನವರಿಗೆ ಎರಡು, ಉಳ್ಳವರಿಗೆ ಮೂರು. ವಿದ್ಯಾರ್ಥಿಗಳು ನೋಡಿ ಬರೆದುಕೊಳ್ಳಬಹುದು, ಕೈ ಹಾಕುವಂತಿಲ್ಲ. ಅದು ಅವರ ಓದಿನ ದೊಡ್ಡ ನಿಯಮವಂತೆ.

ಅಕ್ಕ ಬರುತ್ತಾಳೆಂದು ಮಾಮಾ ಆವತ್ತು ಕೆಲಸ ಬಿಟ್ಟು ಬಂದಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೆ ಟವೆಲ್ಲು. ಜನರ ಹಿಂದೆ ನಿಂತು ಅಕ್ಕನನ್ನೇ ನೋಡುತ್ತಿದ್ದ. ಬೀಜ ಇಡುತ್ತಿದ್ದದ್ದು ಊರಿನ ಒಬ್ಬ ಮುದುಕ. ಅವನ ಕೈ ಮಾಮನ ಮನೆಯ ಹತ್ತಿರ ಬರುತ್ತಿದ್ದಂತೆ, ಗೆಳತಿಯರಿಗೆಲ್ಲ ಕೇಳಲಿ ಎಂದು ನಾನು ಕೂಗಿದೆ:

“ಯಜ್ಜಾ, ಅದು ನಮ್ಮ ಮಾಮಾನ ಮನಿ! ಮೂರ ಇಡು. ನಾಕು ಇಡಾಕ ಬರತೈತೇನ ನೋಡು!”

ಮುದುಕನ ಕೈ ನಿಂತಿತು. ಅವನು ನನ್ನನ್ನು ನೋಡಿದ. ಆಮೇಲೆ ಜನರ ಹಿಂದೆ ನಿಂತಿದ್ದ ಮಾಮನನ್ನು ನೋಡಿದ.

“ಅಳ್ಯಾರು ಹೇಳಿದ ಮ್ಯಾಲ ಮುಗೀತಲ್ಲ,” ಎಂದು ಮೂರು ಬೀಜ ಇಟ್ಟ. ಪಕ್ಕದವರು “ಹೌದ್ ಹೌದ್, ದೊಡ್ಡ ಮನಿ ಅದು” ಎಂದು ತಲೆ ಆಡಿಸಿದರು. ಸೋದರಳಿಯನ ಎದುರು ಮನುಷ್ಯನ ಮರ್ಯಾದೆ ಹೋಗಬಾರದು ಎಂದು ಇಡೀ ಊರು ಒಟ್ಟಾಗಿ ಸುಳ್ಳು ಹೇಳಿತು. ನಾನು ಗೆಳತಿಯರ ಕಡೆ ತಿರುಗಿ ಹುಬ್ಬು ಹಾರಿಸಿದೆ. ಅಕ್ಕ ಮಾತ್ರ ತಲೆ ಬಗ್ಗಿಸಿದ್ದಳು; ಅವಳ ಪೆನ್ನು ಓಡಲಿಲ್ಲ.

ಆಗ ಪಂಚಾಯ್ತಿ ಮೆಂಬರು ಮುಂದೆ ಬಂದ. “ಭಾಳ ಛಲೋ ಆತ್ರಿ ಮೇಡಂ. ಮುಂದಿನ ವಾರ ಗ್ರಾಮಸಭಾ ಐತಿ, ಸರ್ಕಾರಿ ಮನಿ ಮಂಜೂರಿಗೆ ಬಡವರ ಹೆಸರು ಆರಿಸಬೇಕು. ಇದನ್ನ ಹಿಡ್ಕೊಂಡ ಆರಿಸಿದ್ರ ಆತು.”

“ಇದು ಹುಡುಗೂರ ಅಭ್ಯಾಸಕ್ಕ ಅಷ್ಟೇರಿ,” ಎಂದರು ಮೇಡಂ ಗಾಬರಿಯಾಗಿ.

“ಇರಲಿ ಬಿಡ್ರಿ. ಊರ ಮಂದಿ ತಮ್ಮ ಕೈಯಾರ ಇಟ್ಟಾರಲ್ಲ, ಇನ್ನೇನು ಬೇಕು?”

ನನ್ನ ಹುಬ್ಬು ಮೇಲೆಯೇ ಸಿಕ್ಕಿಕೊಂಡಿತು. ಮಾಮನ ಮನೆಯ ಹಿಂದಿನ ಗೋಡೆ ಬಿದ್ದಿದೆ, ಸರ್ಕಾರದ ಮನೆಗೆ ಅರ್ಜಿ ಹಾಕಿದ್ದಾನೆ ಎಂದು ಅವ್ವ ಅದೇ ಫೋನಿನಲ್ಲಿ ಹೇಳಿದ್ದು ಈಗ ನೆನಪಾಯಿತು. ಮೂರು ಬೀಜದ ಮನೆಗೆ ಯಾರು ಮನೆ ಕೊಡುತ್ತಾರೆ? ಅಕ್ಕ ನಿಯಮ ಮೀರಿ ಕೈ ಹಾಕುವಂತಿಲ್ಲ. ಊರವರು ಆಡಿದ ಮಾತು ನುಂಗುವಂತಿಲ್ಲ. ನಾನು “ತಮಾಷಿಗೆ ಅಂದೆ” ಎಂದು ಹೇಳಬಹುದಿತ್ತು. ಹೇಳಿದರೆ ಕ್ರೂಸರಿನ ಕತೆಯೆಲ್ಲ ಬಿಚ್ಚಿಕೊಳ್ಳುತ್ತಿತ್ತು. ಹುಟ್ಟಿದಾಗಿನಿಂದ ಮುಚ್ಚದ ನನ್ನ ಬಾಯಿ ಆ ಗಳಿಗೆಯಲ್ಲಿ ಮುಚ್ಚಿಕೊಂಡಿತು.

ಮಾಮಾ ಜನರನ್ನು ಸರಿಸಿ ಬಂದ. ಚಪ್ಪಲಿ ಬಿಟ್ಟು, ರಂಗೋಲಿ ಅಳಿಸದಂತೆ ತುದಿಗಾಲಲ್ಲಿ ಒಳಗೆ ಹೋಗಿ, ಬಗ್ಗಿ ಎರಡು ಬೀಜ ತೆಗೆದ. “ನಮ್ಮದು ಒಂದ ರೀ ಮೇಡಂ. ಒಂದ ಬರ್ಕೊಳ್ರಿ,” ಎಂದ. ದನಿ ಸಣ್ಣದಾಗಿತ್ತು. ಮೆಂಬರು ಬೇರೆ ಕಡೆ ನೋಡಿದ. ಯಲಬುರ್ಗಾದಾಕೆ ನನ್ನ ಕಡೆ ನೋಡಲಿಲ್ಲ; ನೋಡಿ ನಕ್ಕುಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಅಕ್ಕ ಬರೆದುಕೊಂಡಳು. ನನಗೆ ಕಿವಿಯಿಂದ ಕಾಲಿನವರೆಗೆ ಬೆಂಕಿ ಹತ್ತಿತು, ಇದರಲ್ಲಿ ಮಾತ್ರ ಒಂದಿಷ್ಟೂ ಉತ್ಪ್ರೇಕ್ಷೆಯಿಲ್ಲ.

ಜನ ಚದುರಿದ ಮೇಲೆ ಮಾಮನ ಹತ್ತಿರ ಹೋಗಿ ನಿಂತೆ. ಎರಡು ಏಟು ಹೊಡೆದರೆ ಸಾಕು, ಹಗುರಾಗುತ್ತೇನೆ ಎಂದು ಕಾದೆ. ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತಾ ಅಂದ: “ಅಳ್ಯಾ, ಆ ಯಜ್ಜ ಮೂರ ಇಟ್ಟಾಗ ನನಗೂ ಛಂದ ಅನಿಸಿತ್ತೋ. ಸ್ವಲ್ಪ ಹೊತ್ತ ಇರಲಿ ಅಂತ ಸುಮ್ನ ನಿಂತಿದ್ದೆ. ಆ ಮೆಂಬರ್ ಬಾಯಿ ತೆಗೀದಿದ್ರ ಹಂಗ ಬಿಡ್ತಿದ್ದೆ.”

“ಹೂಂ ಮಾಮಾ” ಎಂದೆ, ಅಷ್ಟೇ.