ಬಣ್ಣದಕ್ಕನ ಖಾಲಿ ಮನೆಗಳು

ಆಸ್ಪತ್ರೆಯ ಲ್ಯಾಬಿನಲ್ಲಿ, ರೋಗಿಗಳ ಮೈಯಿಂದ ತೆಗೆದ ಚೂರನ್ನು ಕೂದಲಿಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಕೂರಿಸಿ ಬಣ್ಣ ಹಾಕುವವಳಿಗೆ ನಾವಿಟ್ಟ ಹೆಸರು ಬಣ್ಣದಕ್ಕ. ಅವಳ ಉಗುರು ಸದಾ ನೇರಳೆ, ಅಂಗೈ ಸದಾ ಗುಲಾಬಿ. ಮನೆಯಲ್ಲಿ ಅವಳು ಹಿಟ್ಟು ಕಲಸಿದರೆ ಗಂಡ ಮೊದಲು ಹಿಟ್ಟಿನ ಬಣ್ಣ ನೋಡುತ್ತಾನಂತೆ. ಜೀವಕೋಶಗಳ ಮಾತು ಬಂದರೆ ಅಕ್ಕಪಕ್ಕದ ಮನೆಯವರ ಸುದ್ದಿ ಹೇಳುವ ಧಾಟಿ ಅವಳದು. "ಚರ್ಮದವರು ಮರ್ಯಾದಸ್ಥರು, ಇಟ್ಟಿಗೆ ಜೋಡಿಸಿದ ಹಾಗೆ ಕೂತಿರ್ತಾರೆ. ಸ್ನಾಯು ಅಂತೂ ಬಾಯಾರಿದವರ ಥರ ಬಣ್ಣ ಕುಡಿಯುತ್ತೆ. ಈ ಕೊಬ್ಬು ಮಾತ್ರ ದಂಡಪಿಂಡ! ಎಷ್ಟು ಸುರಿದ್ರೂ ಬೆಳ್ಳಗೆ, ಖಾಲಿ ಮನೆ ಥರ." ಡಾಕ್ಟರಮ್ಮನೇ ಬಂದು "ನಮ್ಮತ್ತೇದು ಸ್ವಲ್ಪ ಬೇಗ ಮಾಡಿ ಅಕ್ಕಾ" ಎಂದರೂ ಅವಳು ಸರದಿ ತಪ್ಪಿಸುವುದಿಲ್ಲ: "ನೇರಳೆ ಬಣ್ಣದಲ್ಲಿ ಹತ್ತು ನಿಮಿಷ ಅಂದ್ರೆ ಹತ್ತು ನಿಮಿಷ. ಅತ್ತೆಗೂ ಅಷ್ಟೆ, ಸೊಸೆಗೂ ಅಷ್ಟೆ." ಹೋದ ವಾರ ಸರದಿಯಲ್ಲಿ ಹನ್ನೊಂದನೆಯದು ಅವಳದೇ ತೋಳಿನ ಗಂಟಿನ ಚೂರು. ಅದನ್ನು ಹನ್ನೊಂದನೆಯದಾಗಿಯೇ ಕೈಗೆತ್ತಿಕೊಂಡಳು, ಗೋಡೆ ಗಡಿಯಾರ ನೋಡುತ್ತ ಹತ್ತು ನಿಮಿಷವೂ ಬಿಟ್ಟಳು. ಗಾಜನ್ನು ಡಾಕ್ಟರಮ್ಮನ ಮುಂದಿಟ್ಟು, ಆಗಲೇ ತೊಳೆದಿದ್ದ ಬಟ್ಟಲನ್ನು ಮತ್ತೆ ತೊಳೆಯುತ್ತ ನಿಂತಳು. ಡಾಕ್ಟರಮ್ಮ ಸೂಕ್ಷ್ಮದರ್ಶಕದಿಂದ ತಲೆ ಎತ್ತಿದರು. "ಭಯ ಬೇಡ ಅಕ್ಕಾ, ಬರೀ ಕೊಬ್ಬಿನ ಗಂಟು. ಎಲ್ಲಾ ನಿಮ್ಮ ಖಾಲಿ ಮನೆಗಳೇ!" ಬಣ್ಣದಕ್ಕ ಒದ್ದೆ ಕೈಯಲ್ಲೇ ಸ್ಟೂಲಿನ ಮೇಲೆ ಕೂತು, "ಅಯ್ಯೋ ಪಾಪ, ಇಷ್ಟು ವರ್ಷ ಅದನ್ನ ಸುಮ್ನೆ ಬೈದ್ನಲ್ಲಾ!" ಎಂದಳು.