ಹಾಜರಿ ಪುಸ್ತಕದ ಐದನೇ ಹೆಸರು

ಇಪ್ಪತ್ತಾರು ವರ್ಷದಿಂದ ಬಳ್ಳಾರಿಯ ಜೀನ್ಸ್ ಶೆಡ್ಡೊಂದರಲ್ಲಿ ಬಟ್ಟೆ ಕತ್ತರಿಸುತ್ತಿದ್ದೇನೆ. ಐದನೇ ತರಗತಿಗೇ ಶಾಲೆ ಬಿಟ್ಟವನು, ಆದರೂ ಎಲ್ಲರೂ ಮಾಸ್ತರ ಎನ್ನುತ್ತಾರೆ. ಹೊಸ ಬಟ್ಟೆಯ ಲೋಡು ಬಂದರೆ ಮೊದಲು ನಾನೇ ಮುಟ್ಟಬೇಕು. ಹತ್ತಾರು ತಾನುಗಳಿಂದ, ಅಂದರೆ ಬಟ್ಟೆಯ ಸುರುಳಿಗಳಿಂದ, ಒಂದೊಂದು ತುಂಡು ಕತ್ತರಿಸಿ, ತೊಳೆಸಿ, ಒಣಗಿಸಿ, ಎಷ್ಟು ಕುಗ್ಗಿತೆಂದು ಅಳೆದ ಮೇಲೆಯೇ ಉಳಿದ ಬಟ್ಟೆಗೆ ಕತ್ತರಿ. ಕೈಗೆ ಸಿಕ್ಕ ಮೇಲಿನ ತಾನನ್ನೇ ನಂಬಿದರೆ ಲೋಡಿಗೆ ಲೋಡೇ ಗಿಡ್ಡ ಪ್ಯಾಂಟಾಗುತ್ತದೆ. ಅದಕ್ಕೇ ತೀರಾ ಅಡಿಯಲ್ಲಿ ಸಿಕ್ಕಿಕೊಂಡದ್ದನ್ನೂ ಎಳೆಸುತ್ತೇನೆ. ಹಮಾಲರು ಬೈಯುತ್ತಾರೆ. ಬೈಯಲಿ.

ಇದನ್ನು ಮೊದಲೇ ಹೇಳಿಬಿಟ್ಟೆ. ಗೊತ್ತಿಲ್ಲದೆ ಮಾಡಿದೆ ಎನ್ನಲು ನನಗೆ ದಾರಿಯಿಲ್ಲ.

ಹೋದ ವರ್ಷ ಕಾಲೇಜಿನ ಮೇಡಂ ಒಬ್ಬರು ಬಂದರು. ಬಟ್ಟೆಯ ಧೂಳಿನಿಂದ ಕೆಲಸದವರಿಗೆ ಉಸಿರಿನ ತೊಂದರೆ ಆಗಿದೆಯೇ ಎಂದು ಕೇಳಿ ಬರೆದುಕೊಳ್ಳಬೇಕಿತ್ತು. ತೊಂದರೆ ಕಂಡರೆ ವಾರಕ್ಕೊಮ್ಮೆ ಡಾಕ್ಟರು ಬಳ್ಳಾರಿಗೂ, ಸಿರುಗುಪ್ಪ, ಕುರುಗೋಡಿನ ಹೊಲಿಗೆ ಶೆಡ್ಡುಗಳಿಗೂ ಬರುವ ಮಾತಾಗಿತ್ತು.

"ಎಲ್ಲಾರ್ನೂ ಕೇಳಾಕ ಆಗಂಗಿಲ್ರಿ ಮಾಸ್ತರ. ಹಾಜರಿ ಪುಸ್ತಕದಾಗ ಪ್ರತಿ ಐದನೇ ಹೆಸರಿನವ್ರನ್ನ ಕರೀರಿ. ಅವ್ರು ಹೇಳಿದ್ದು ಎಲ್ಲಾರಿಗೂ ಹೊಂದತೈತಿ," ಎಂದರು.

ಮೊದಲ ಐದನೇ ಹೆಸರೇ ನನ್ನ ಅಕ್ಕನ ಗಂಡನದು; ನಾನು ಕರೆಯುವುದು ಮಾವ ಎಂದೇ. ನಾನೇ ಕೊಡಿಸಿದ ಕೆಲಸ. ಮೂರು ವಾರದಿಂದ ಮಾವ ಕೆಮ್ಮಿ ಕೆಮ್ಮಿ ಕುರುಗೋಡಿನ ಮನೆಯಲ್ಲಿ ಮಲಗಿದ್ದರು. ಅವರ ಬದಲು ಪಕ್ಕದ ಹೆಸರಿನ ಹಮಾಲನನ್ನು ಕರೆದೆ. ಮುಂದೆಯೂ ಯಾರು ಬಂದಿಲ್ಲವೋ ಅವರ ಜಾಗಕ್ಕೆ ಗಟ್ಟಿಮುಟ್ಟಾದವರನ್ನೇ ನಿಲ್ಲಿಸಿದೆ. ಹೊರಗಿನವರ ಮುಂದೆ ನಮ್ಮ ಶೆಡ್ಡು ದವಾಖಾನೆಯಂತೆ ಕಾಣಬಾರದಲ್ಲ.

"ಕೆಮ್ಮು ನನ್ನ ನೋಡಿದ್ರ ಓಡಿ ಹೋಗ್ತೈತ್ರಿ ಮೇಡಂ!" ಎಂದು ಹಮಾಲ ಎದೆ ತಟ್ಟಿಕೊಂಡ. ಎಲ್ಲರೂ ನಕ್ಕರು. ಮೇಡಂ ಬರೆದುಕೊಂಡರು.

ಮೂರು ತಿಂಗಳಿಗೆ ವರದಿ ಹಿಡಿದು ಬಂದರು.

"ನಿಮ್ಮ ಮಂದಿ ಗಟ್ಟಿ ಅದಾರ್ರಿ ಮಾಸ್ತರ. ಮೂರೂ ಊರಿಗೆ ಡಾಕ್ಟರು ಬ್ಯಾಡ ಅಂತ ಬರದೀನಿ."

"ಸಿರುಗುಪ್ಪಕ್ಕ ಹೋಗಿದ್ರೇನ್ರಿ?"

"ಅದಾ ಬಟ್ಟಿ, ಅದಾ ಧೂಳು. ಇಲ್ಲಿ ನೋಡಿದ್ರ ಸಾಕಲ್ರಿ."

ನಾನು ಕತ್ತರಿ ಕೈಗೆತ್ತಿಕೊಂಡೆ.

ಆ ಭಾನುವಾರ ಕುರುಗೋಡಿಗೆ ಹೋದರೆ ಬಾಗಿಲಲ್ಲೇ ಅಕ್ಕ ಕೇಳಿದಳು, "ತಮ್ಮಾ, ಡಾಕ್ಟರು ಯಾವಾಗ ಬರ್ತಾರ?"

ಗೋಡೆಗೆ ಒರಗಿ ಕೂತಿದ್ದ ಮಾವ, "ನಿನ್ನ ತಮ್ಮ ಮಾಸ್ತರ ಅದಾನಲೇ. ಡಾಕ್ಟರಿಗೂ ಅಳತಿ ತಗಂಡು ಕಳಸ್ತಾನ," ಎಂದು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ಬಹಳ ಹೊತ್ತು ಬಿಡಲಿಲ್ಲ.

"ನಿಮ್ಮ ಮೇಡಂ ಈ ಕೆಮ್ಮು ಬರಕಳ್ಳಲಿಲ್ಲೇನು?" ಎಂದು ಅಕ್ಕ ಅವರ ಬೆನ್ನು ನೀವುತ್ತಲೇ ಕೇಳಿದಳು.

ಮರುದಿನ ರಜೆ ಹಾಕಿ ಕಾಲೇಜಿಗೆ ಹೋದೆ. ಯಾರ ಮುಂದೆಯೂ ತಲೆ ತಗ್ಗಿಸಿ ಅಭ್ಯಾಸವಿಲ್ಲದವನು. "ಬರೇ ಮೇಲಿನ ತಾನು ತೋರ್ಸೀನ್ರಿ," ಎಂದು ಶುರುಮಾಡಿ ಎಲ್ಲ ಹೇಳಿದೆ. ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಕೆಮ್ಮೋರು ಮನ್ಯಾಗ ಉಳದಿದ್ರು. ನಾನೂ ಕೇಳಲಿಲ್ಲ. ಇಷ್ಟೂ ಮತ್ತ ಮಾಡಬೇಕಲ್ರಿ ಮಾಸ್ತರ!"

"ಮಾಡೂಣ್ರಿ. ಅವ್ರ ಮನಿ ನಾ ತೋರಸ್ತೀನಿ."

ಈಗ ನನಗಿರುವ ಒಂದೇ ರಜೆಯೂ ಬಸ್ಸಿನಲ್ಲಿ ಕಳೆಯುತ್ತದೆ. ವಾರವೆಲ್ಲ ಮೇಜಿನ ಮುಂದೆ ನಿಂತ ಕಾಲು, ಭಾನುವಾರ ಓಣಿ ಓಣಿ ತಿರುಗುತ್ತದೆ. ಸಿರುಗುಪ್ಪ ಇನ್ನೂ ಬಾಕಿ.

ಮೊದಲು ಹೋದದ್ದು ಅಕ್ಕನ ಮನೆಗೇ. ಮೇಡಂ ಕೇಳಿದರು, "ಕೆಲಸ ಮಾಡೋವಾಗ ಉಸಿರು ಕಟ್ತೈತೇನ್ರಿ?" ಮಾವ ಉತ್ತರ ಕೊಡಲು ಉಸಿರು ಎಳೆದುಕೊಳ್ಳಬೇಕಾಯಿತು. ಮೇಡಂ ಕಾದರು.

"ಇಲ್ಲ ಅಂತ ಬರಕಳ್ರಿ," ಎಂದರು ಮಾವ ಕೊನೆಗೆ, ನನ್ನ ಕಡೆ ನೋಡಿ. "ಮಾಸ್ತರನ ಶೆಡ್ಡಿನ ಮರ್ಯಾದಿ ಐತಿ."

ಮೇಡಂ ಪೆನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದರು.

"ಕಟ್ತೈತ್ರಿ. ಬರಕಳ್ರಿ," ಎಂದೆ ನಾನು.