ಕಡಲಗಾಳಿ ನೋಡಲು ಹೋದ ಮಿಸ್ಸು

ಮರ್ಫಿ ಟೌನಿನ ನಮ್ಮ ಶಾಲೆಯ ಎಂಟನೇ ತರಗತಿ. ಉತ್ತರಪತ್ರಿಕೆ ಹಂಚುತ್ತಿದ್ದ ಭೂಗೋಳದ ಮಿಸ್ಸು, ಕಡಲನ್ನೇ ಕಾಣದ ನಾವು ಮೂವತ್ತು ಮಂದಿ, ನಡುವೆ ಕಣ್ಣು ತುಂಬಿಕೊಂಡು ನಿಂತ ಸೆಲ್ವಿ. ಸೂರ್ಯ ಹುಟ್ಟಿದ ಮೇಲೂ ಸ್ವಲ್ಪ ಹೊತ್ತು ಗಾಳಿ ನೆಲದಿಂದ ಕಡಲಿಗೇ ಬೀಸುತ್ತದೆ ಎಂದು ಬರೆದಿದ್ದಕ್ಕೆ ಅವಳಿಗೆ ತಪ್ಪು ಬಿದ್ದಿತ್ತು.

“ಹಗಲು ಕಡಲಿಂದ ನೆಲಕ್ಕೆ ಅಂತ ಎಷ್ಟ್ ಸಲ ಹೇಳ್ಲಮ್ಮಾ?” ಎಂದರು ಮಿಸ್ಸು.

“ನಮ್ ತಾತ ಬಿಸಿಲು ಬಂದ್ಮೇಲೂ ಆ ಗಾಳೀಲೇ ದೋಣಿ ಬಿಡ್ತಿದ್ರು ಮಿಸ್, ಚೆನ್ನೈ ಹತ್ರ.”

“ನಿಮ್ ತಾತ ಏನ್ ಪುಸ್ತಕ ಬರ್ದಿದ್ರಾ?” ಎಂದು ಹಿಂದಿನ ಬೆಂಚಿನವನು ಛೇಡಿಸಿದ. ನಾವೆಲ್ಲ ನಕ್ಕೆವು. ಮಿಸ್ಸು ನಗಲಿಲ್ಲ, ಕನ್ನಡಕ ತಲೆಗೇರಿಸಿ ಎಂದಿನ ಮಾತನ್ನೇ ಆಡಿದರು: “ತಡಿ, ನೋಡ್ಕೊಂಡ್ ಬಂದು ಹೇಳ್ತೀನಿ.” ಕೊಕ್ಕರೆ ಏನು ತಿನ್ನುತ್ತದೆಂದು ಕೇಳಿದಾಗಲೂ ಹೀಗೇ ಅಂದು, ಹಲಸೂರು ಕೆರೆ ದಂಡೆಯಲ್ಲಿ ಇಡೀ ಸಂಜೆ ಕೂತು ಬಂದಿದ್ದರು.

ಶನಿವಾರ ಕೆ.ಆರ್. ಪುರದಲ್ಲಿ ಚೆನ್ನೈ ರೈಲು ಹತ್ತಿದರಂತೆ. ಸೋಮವಾರ ತರಗತಿಗೆ ಬಂದವರು ಕೂರಲೂ ಇಲ್ಲ.

“ಬೆಳಿಗ್ಗೆ ಏಳೂವರೆ ಆದ್ರೂ ನನ್ ಸೆರಗು ಕಡಲ ಕಡೆಗೇ ಹಾರ್ತಿತ್ತು ಕಣ್ರೋ. ಸೆಲ್ವಿ ಬರ್ದಿದ್ದೇ ಸರಿ, ತಪ್ಪು ನಂದು.”

ಮರುದಿನ ಗಾಳಿಯ ಪಾಠ ಮತ್ತೆ ನಡೆಯಿತು. ಕಪ್ಪುಹಲಗೆಯ ಮುಂದೆ ಸೆಲ್ವಿ ನಿಂತು ಹೇಳಿದಳು. ಮಿಸ್ಸು ಅವಳ ಬೆಂಚಿನಲ್ಲಿ ಕೂತು ಬರೆದುಕೊಂಡರು.